ದಸ್ತಗೀರ್ ಸಾಬರಿಗೆಂದು ಬಂದ ಲೈಸೆನ್ಸು

ನಮ್ಮ ಸಂಘದ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಒತ್ತಿದರೆ, ಅದು ತೆರೆದುಕೊಳ್ಳುವ ಮೊದಲು ಪರದೆಯ ನಡುವೆ ಒಂದು ಪುಟ್ಟ ಚೌಕಟ್ಟು ಬರುತ್ತದೆ. ಇದು ಇಂಥ ಸಂಘಕ್ಕೆ ದಾನವಾಗಿ ಕೊಟ್ಟಿದ್ದು, ಮಾರುವ ಹಾಗಿಲ್ಲ, ಇನ್ನು ಇಷ್ಟು ದಿನ ಉಳಿದಿದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಒಂದೆರಡು ಸೆಕೆಂಡು ಇದ್ದು ತಾನಾಗಿಯೇ ಹೋಗುತ್ತದೆ. ಆಫೀಸಿನಲ್ಲಿ ಯಾರೂ ಅದನ್ನು ಓದುವುದಿಲ್ಲ, ನಾನು ಮಾತ್ರ ದಿನಾ ಓದುತ್ತೇನೆ. ಇವತ್ತು ಬೆಳಿಗ್ಗೆ ಮೂವತ್ತು ದಿನ ಎಂದಿತ್ತು. ನೋಡಿದ ಮೇಲೆ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. ಒಂದು ಲೋಟ ಕಾಫಿ ಕುಡಿದೆ, ಹೋಗಲಿಲ್ಲ. ಇನ್ನೊಂದು ಕುಡಿದೆ, ಅದಕ್ಕೂ ಹೋಗಲಿಲ್ಲ. ನಿಮ್ಮ ಮುಂದಾದರೂ ಹೇಳಿಕೊಳ್ಳೋಣವೆಂದು ಕೂತಿದ್ದೇನೆ.

ನಾನಿರುವುದು ಚಳ್ಳಕೆರೆಯಲ್ಲಿ. ಮೊಳಕಾಲ್ಮೂರಿನ ಒಂದು ಸಣ್ಣ ನೇಕಾರರ ಸಂಘಕ್ಕೆ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಏನೋ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಬಾಗಿಲು ತೆಗೆಯುವವಳು, ಕಸ ಗುಡಿಸುವವಳು, ಪತ್ರ ಬರೆಯುವವಳು, ಮೀಟಿಂಗಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸುವವಳು, ಎಲ್ಲ ನಾನೇ. ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಿಟಕಿ ಪಕ್ಕದ ಸೀಟಿಗೆ ಈ ವಯಸ್ಸಿನಲ್ಲೂ ಹೊರಗಿನಿಂದಲೇ ಕರ್ಚೀಫು ಎಸೆಯುತ್ತೇನೆ. ಕಂಡಕ್ಟರುಗಳು ನಗುತ್ತಾರೆ, ನಗಲಿ. ನನ್ನ ತವರು ಮೊಳಕಾಲ್ಮೂರಿನ ಮಗ್ಗದ ಬೀದಿ. ಅವ್ವ ರೇಷ್ಮೆ ಸುತ್ತುತ್ತಿದ್ದಳು, ಅಪ್ಪ ನೇಯುತ್ತಿದ್ದ. ಆ ಬೀದಿಯ ಕೊನೆಯಲ್ಲಿ, ತಗ್ಗು ಬಾಗಿಲಿನ ಮನೆಯಲ್ಲಿ, ದಸ್ತಗೀರ್ ಸಾಬರು ನಕ್ಷೆ ಬರೆಯುತ್ತಿದ್ದರು.

ನಕ್ಷೆ ಬರೆಯುವುದೆಂದರೆ ಏನೆಂದು ನಿಮಗೆ ಹೇಳಬೇಕು. ಸೀರೆಯ ಅಂಚಿನಲ್ಲೋ ಸೆರಗಿನಲ್ಲೋ ಒಂದು ಗಿಣಿ ಬರಬೇಕಾದರೆ, ಆ ಗಿಣಿಯನ್ನು ಮೊದಲು ಸಣ್ಣ ಸಣ್ಣ ಚೌಕಗಳ ಗ್ರಾಫ್ ಹಾಳೆಯ ಮೇಲೆ ಬರೆಯಬೇಕು. ಒಂದೊಂದು ಚೌಕವೂ ಒಂದೊಂದು ಎಳೆಯ ಲೆಕ್ಕ. ಯಾವ ಚೌಕ ತುಂಬಿದೆಯೋ ಅಲ್ಲಿ ಎಳೆ ಮೇಲೇಳುತ್ತದೆ, ಯಾವುದು ಖಾಲಿಯೋ ಅಲ್ಲಿ ಕೆಳಗೆ ಹೋಗುತ್ತದೆ. ಹಾಳೆ ನೋಡಿ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆದು, ಅವನ್ನು ಮಾಲೆ ಕಟ್ಟಿ ಮಗ್ಗದ ಮೇಲೆ ತೂಗುಹಾಕಿದರೆ ಗಿಣಿ ಸೀರೆಗೆ ಇಳಿಯುತ್ತದೆ. ಒಂದು ಚೌಕ ತಪ್ಪಿದರೆ ಗಿಣಿಯ ಕೊಕ್ಕು ಸೊಟ್ಟ. ಸಾಬರು ಬರೆದ ಯಾವ ಗಿಣಿಯ ಕೊಕ್ಕೂ ಸೊಟ್ಟಗಾದದ್ದು ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ನಕ್ಷೆ ಬರೆಸಿದ ಮನೆಗೆ ಅಟ್ಟೆಗಳ ಜೊತೆ ಮೂಲ ಹಾಳೆಯನ್ನೂ ಕೊಟ್ಟುಬಿಡುತ್ತಿದ್ದರು. ತಮಗೆಂದು ಒಂದು ಪ್ರತಿ ಇಟ್ಟುಕೊಳ್ಳುತ್ತಿರಲಿಲ್ಲ. ಒಂದು ಮನೆಗೆ ಬರೆದದ್ದನ್ನು ಇನ್ನೊಂದು ಮನೆಗೆ ಬರೆಯುತ್ತಿರಲಿಲ್ಲ. 'ಒಬ್ಬರ ಮನೆ ಮಗಳನ್ನ ಇನ್ನೊಬ್ಬರ ಮನೆಗೆ ತೋರಿಸ್ತಾರಾ?' ಎನ್ನುತ್ತಿದ್ದರು. ಹಾಗಾಗಿ ನಮ್ಮ ಬೀದಿಯಲ್ಲಿ ಸೀರೆಯ ಒಡಲ ತುಂಬ ಬಿಡಿಬಿಡಿಯಾಗಿ ಬರುವ ಸೀತಾಫಲದ ಬುಟ್ಟ ನಮ್ಮ ಮನೆಯದು, ಜೋಡಿ ಗಿಣಿ ಎದುರು ಮನೆಯದು, ಹುಣಸೆ ಹೂವಿನ ಅಂಚು ತಿಪ್ಪೇಸ್ವಾಮಣ್ಣನ ಮನೆಯದು. ಆಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ಅಟ್ಟೆಗಳನ್ನು ಗೆದ್ದಲು ತಿಂದವು, ಹಾಳೆಗಳು ಒಲೆ ಹೊತ್ತಿಸಲು ಹೋದವು. ನಮ್ಮ ಮನೆಯ ಸೀತಾಫಲ ಒಲೆಗೆ ಹೋದದ್ದು ನನ್ನ ಕೈಯಿಂದಲೇ. ಆಗ ನನಗದು ಹಳೇ ಕಾಗದ. ಹೀಗೆ ಇಡೀ ಬೀದಿಯ ನಕ್ಷೆಗಳು ಕಡೆಗೆ ಒಂದೇ ಕಡೆ ಉಳಿದವು: ದಸ್ತಗೀರ್ ಸಾಬರ ತಲೆಯಲ್ಲಿ.

ತಲೆ ಗಟ್ಟಿಯಾಗಿತ್ತು, ಕಣ್ಣು ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿತ್ತು. ಅವರು ಒಂದು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಕೂರುವುದನ್ನು ನೋಡಿ ನಾನು ಒಮ್ಮೆ ನಕ್ಕಿದ್ದೆ. ಅವರೂ ನಕ್ಕರು. 'ಎರಡಾದ್ರೂ ಸಾಲ್ತಿಲ್ಲ ಬೇಟಿ, ಚೌಕ ಎಲ್ಲ ಒಂದಕ್ಕೊಂದು ಅಂಟ್ಕಂಡ್ಬಿಟ್ಟಾವೆ' ಎಂದರು. ಇನ್ನಾರು ತಿಂಗಳು, ಹೆಚ್ಚೆಂದರೆ ಎಂಟು, ಆಮೇಲೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರ ಮಗಳು ನನಗೆ ಆಮೇಲೆ ತಿಳಿಸಿದಳು. ನಾವು ದೊಡ್ಡ ಚೌಕದ ಹಾಳೆ ಮಾಡಿಕೊಟ್ಟು ನೋಡಿದೆವು. ಒಂದು ಬುಟ್ಟಕ್ಕೆ ಗೋಡೆಯಷ್ಟು ಹಾಳೆ ಬೇಕಾಯಿತು, ಬಗ್ಗಿ ಬರೆಯಲು ಅವರ ಸೊಂಟ ಒಪ್ಪಲಿಲ್ಲ.

ಹಾಗಿರುವಾಗ ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಹೆಂಗಸೊಬ್ಬಳು ನನಗೆ ಈ ಸಾಫ್ಟ್‌ವೇರ್ ತೋರಿಸಿದಳು. ಮಗ್ಗದ ನಕ್ಷೆಗೆಂದೇ ಮಾಡಿದ್ದು. ಪರದೆಯ ಮೇಲೆ ಚೌಕಗಳಿರುತ್ತವೆ, ಬೇಕಾದಷ್ಟು ದೊಡ್ಡದು ಮಾಡಬಹುದು, ಬರೆದು ಮುಗಿಸಿದರೆ ಅಟ್ಟೆಗೆ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದೇ ಹೇಳುತ್ತದೆ. ಅವಳ ಹತ್ತಿರ ಇದ್ದದ್ದು ಕೆಲವು ದಿನ ನೋಡಲು ಮಾತ್ರ ಕೊಡುವ ಪ್ರತಿ. ಬರೆಯಬಹುದು, ಉಳಿಸುವ ಹಾಗಿಲ್ಲ. ನಾನು ಮರುದಿನವೇ ಸಾಬರನ್ನು ಬಸ್ಸು ಹತ್ತಿಸಿಕೊಂಡು ಬಂದೆ.

ಅವರು ಪರದೆಯ ಮುಂದೆ ಕೂತು ಮೇಲಿನ ಕನ್ನಡಕ ತೆಗೆದರು. ಅವಳು ಒಂದೊಂದು ಚೌಕವನ್ನೂ ಹೆಬ್ಬೆರಳ ಉಗುರಿನಷ್ಟು ದೊಡ್ಡದು ಮಾಡಿದಳು.

'ಕಾಣ್ತೈತೇನ್ರಿ ಸಾಬರೇ?' ಎಂದೆ ನಾನು.

ಅವರು ಪರದೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದರು. ಇಪ್ಪತ್ತರವರೆಗೆ ಎಣಿಸಿ ನನ್ನ ಕಡೆ ತಿರುಗಿ, 'ಎಲ್ಲಾ ಬಿಡಿ ಬಿಡಿಯಾಗಿ ಕಾಣ್ತೈತೆ ಬೇಟಿ' ಎಂದರು. ತೆಗೆದಿಟ್ಟ ಕನ್ನಡಕವನ್ನು ಒರೆಸುತ್ತಲೇ ಇದ್ದರು. ನಾನು ನೋಡದವಳಂತೆ ಬ್ಯಾಗಿನಲ್ಲಿ ಏನೋ ಹುಡುಕಿದೆ.

ಮಧ್ಯಾಹ್ನದವರೆಗೆ ಬರೆದರು. ಮೌಸ್ ಎಂಬ ಇಲಿ ಹಿಡಿದು ಎಳೆಯುವುದು ಅರ್ಧ ಗಂಟೆಯಲ್ಲಿ ಕೈಗೆ ಹತ್ತಿತು. ಬರೆದದ್ದು ಯಾವುದನ್ನು ಗೊತ್ತೇ? ನಮ್ಮ ಮನೆಯ ಸೀತಾಫಲವನ್ನು. ನಾನು ಒಲೆಗೆ ಹಾಕಿದ್ದನ್ನು. 'ನಿಮ್ಮ ಮನೇದಲ್ವಾ, ನಿನ್ನ ಮುಂದೆ ಬರೀಬೋದು' ಎಂದರು. ಮುಕ್ಕಾಲು ಮುಗಿದಿತ್ತು, ಕರೆಂಟು ಹೋಯಿತು. ಅಷ್ಟೂ ಹೋಯಿತು. ಆ ಹೆಂಗಸು ಪಾಪ ಮುಖ ಸಣ್ಣದು ಮಾಡಿಕೊಂಡು ಎಷ್ಟು ಸಲ ಕ್ಷಮೆ ಕೇಳಿದಳೋ. ಸಾಬರು ಬೇಸರ ಮಾಡಿಕೊಳ್ಳಲಿಲ್ಲ. ತಲೆಯೊಳಗಿಂದ ಎಲ್ಲಿಗೂ ಹೋಗುವುದಿಲ್ಲ, ಸರಿಯಾದದ್ದು ತರಿಸಿ, ಒಂದೊಂದಾಗಿ ಎಲ್ಲ ಬರೆದುಕೊಡುತ್ತೇನೆ ಎಂದರು. ವಾಪಸ್ ಹೋಗುವಾಗ ಬಸ್ಸಿನಲ್ಲಿ ಯಾವ್ಯಾವ ಮನೆಗೆ ಯಾವ್ಯಾವ ನಕ್ಷೆ ಎಂದು ಬೆರಳು ಮಡಚುತ್ತಾ ಹೇಳುತ್ತಲೇ ಇದ್ದರು. ಎರಡೂ ಕೈಯ ಬೆರಳು ಮುಗಿದು ಮತ್ತೆ ಮೊದಲಿಂದ ಮಡಚಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸರಿಯಾದದ್ದನ್ನು ಕೊಂಡುಕೊಳ್ಳುವುದು ನಮ್ಮಂಥವರ ಕೈಲಾಗುವ ಮಾತಾಗಿರಲಿಲ್ಲ. ಆದರೆ ಲಾಭಕ್ಕಲ್ಲದೆ ಕೆಲಸ ಮಾಡುವ ಸಂಘಗಳಿಗೆ ಆ ಕಂಪನಿ ಧರ್ಮಕ್ಕೇ ಕೊಡುತ್ತದೆ, ಅರ್ಜಿ ಹಾಕಿಕೊಂಡರಾಯಿತು ಎಂದು ಅದೇ ಹೆಂಗಸು ಹೇಳಿದಳು. ಹಾಕಿದೆ. ಎಂಥೆಂಥ ಪ್ರಶ್ನೆಗಳು ಅಂತೀರಿ. ನಿಮ್ಮ ಸಂಘದ ಧ್ಯೇಯವೇನು, ಐದು ವರ್ಷದಲ್ಲಿ ಎಲ್ಲಿರುತ್ತೀರಿ. ಐದು ವರ್ಷದಲ್ಲೂ ಇದೇ ಸೋರುವ ಸೂರಿನ ಕೆಳಗೆ ಇರುತ್ತೇವೆ ಎಂದು ಬರೆಯಲಾಗುತ್ತದೆಯೇ? ಏನೇನೋ ಬರೆದೆ. ಕಡೆಗೊಂದು ಪ್ರಶ್ನೆ: ಜಾತಿ, ಧರ್ಮ, ಹೆಣ್ಣು ಗಂಡು ಎನ್ನದೆ ನಿಮ್ಮ ಸಂಘ ಎಲ್ಲರಿಗೂ ತೆರೆದಿದೆಯೇ? ಹೌದು ಎಂದು ಗುರುತು ಹಾಕಿದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಯಾಕೆ ಯೋಚಿಸಬೇಕು? ಅರ್ಜಿ ಹಾಕುತ್ತಿದ್ದುದೇ ಸಾಬರಿಗಾಗಿ. ಸಂಘ ಹುಟ್ಟಿದಾಗಿನಿಂದ ಅವರು ನಮ್ಮ ಜಗಲಿಯ ಮೇಲಿದ್ದವರು. ನಮ್ಮ ಪತ್ರದ ತಲೆಯ ಮೇಲಿನ ಲಾಳಿಯ ಚಿತ್ರವನ್ನೂ ಬರೆದುಕೊಟ್ಟವರು ಅವರೇ.

ಹದಿನೈದು ದಿನಕ್ಕೆ ಉತ್ತರ ಬಂತು: ಸಂಘದ ಬೈಲಾವನ್ನು ಇಂಗ್ಲಿಷಿಗೆ ಮಾಡಿ ಕಳಿಸಿ. ಬೀರುವಿನಿಂದ ಹಳೇ ಫೈಲು ತೆಗೆದು, ಧೂಳು ಕೊಡವಿ, ಸಾಲು ಸಾಲಾಗಿ ಮಾಡುತ್ತಾ ಬಂದೆ. ನಾಲ್ಕನೇ ಕಲಮಿಗೆ ಬಂದು ಕೈ ನಿಂತಿತು. 'ಈ ಸಂಘದ ಸದಸ್ಯರು ನಮ್ಮ ಕುಲಬಾಂಧವರೇ ಆಗಿರತಕ್ಕದ್ದು. ಅನ್ಯರಿಗೆ ಸದಸ್ಯತ್ವವಾಗಲಿ, ಸಭೆಯಲ್ಲಿ ಕೂರುವ ಹಕ್ಕಾಗಲಿ, ಸಂಘದ ಸವಲತ್ತಾಗಲಿ ಇರತಕ್ಕದ್ದಲ್ಲ.'

ಈಗ ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಆ ಬೈಲಾವನ್ನು ಟೈಪ್ ಮಾಡಿದವಳು ನಾನೇ. ಮದುವೆಗೆ ಮೊದಲು ಚಳ್ಳಕೆರೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಹೊಸ ಸಂಘ ಮಾಡುವವರು ಬೈಲಾ ಎಂದರೆ ಏನೆಂದು ತಿಳಿಯದೆ, ಯಾವುದೋ ಹಳೇ ಸಂಘದ್ದನ್ನು ಇಸಿದುಕೊಂಡು, ಹೆಸರು ಊರು ಬದಲಿಸಿ ನಕಲು ಮಾಡಿಸುತ್ತಿದ್ದರು. ಎಲ್ಲರೂ ಹಾಗೇ ಮಾಡುತ್ತಿದ್ದರು. ತಿಪ್ಪೇಸ್ವಾಮಣ್ಣ ತಂದುಕೊಟ್ಟದ್ದು ನಮ್ಮ ಕುಲದ ಹುಡುಗರ ಹಾಸ್ಟೆಲಿನ ಬೈಲಾ. ನಾನು ಅದರಲ್ಲಿ ಹಾಸ್ಟೆಲ್ ಎಂದಿದ್ದಲ್ಲೆಲ್ಲ ಮಗ್ಗ ಎಂದು ಮಾಡಿ, ಉಳಿದದ್ದನ್ನು ಇದ್ದ ಹಾಗೇ ಹೊಡೆದೆ. ಒಂದೇ ಒಂದು ತಪ್ಪಿಲ್ಲದೆ ಹೊಡೆದೆನೆಂದು ಮೇಷ್ಟ್ರು ಶಹಬ್ಬಾಸ್ ಎಂದಿದ್ದರು. ಏನು ಹೊಡೆಯುತ್ತಿದ್ದೇನೆಂದು ನಾನು ಓದಿರಲಿಲ್ಲ, ಸಹಿ ಹಾಕಿದವರೂ ಓದಿರಲಿಲ್ಲ.

ತಿಪ್ಪೇಸ್ವಾಮಣ್ಣ ನಮ್ಮ ಅಧ್ಯಕ್ಷ, ಒಳ್ಳೆಯ ಮನುಷ್ಯ. ಫೈಲು ತೋರಿಸಿದಾಗ ತಲೆ ಕೆರೆದುಕೊಂಡು, 'ಆ ಸಾಲು ಬಿಟ್ಬಿಡಮ್ಮ. ಅವರಿಗೇನು ಕನ್ನಡ ಬರ್ತೈತಾ?' ಎಂದ.

ಬಿಟ್ಟಿದ್ದರೆ ಒಂದು ತಿಂಗಳಲ್ಲಿ ಲೈಸೆನ್ಸು ಬರುತ್ತಿತ್ತು. ನಾನು ಬಿಡಲಿಲ್ಲ. ಸುಳ್ಳು ಬರೆಯುವವಳಲ್ಲ ನಾನು ಎಂದು ಜಂಬದಿಂದ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಕಳಿಸಿ, ಇದನ್ನು ತಿದ್ದುತ್ತೇವೆ ಎಂದೂ ಬರೆದೆ. ತಿದ್ದಿ ಬನ್ನಿ, ಕಾಯುತ್ತೇವೆ ಎಂದು ಅವರು ಮರ್ಯಾದೆಯಾಗಿಯೇ ಬರೆದರು. ಕಾಯುವುದು ಅವರಿಗೇನು ಕಷ್ಟ? ಆ ದಿನ ನಾನು ಸತ್ಯ ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ನಿಮಗೆ ಗೊತ್ತಾದರೆ ನನಗೂ ಹೇಳಿ.

ತಿದ್ದಬೇಕಾದರೆ ಸಾಮಾನ್ಯ ಸಭೆ ಸೇರಬೇಕು, ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕು. ಅದೇನು ಮಹಾ, ಒಂದು ಗಂಟೆಯ ಕೆಲಸ ಎಂದುಕೊಂಡೆ. ನನ್ನ ಬುದ್ಧಿವಂತಿಕೆ ನೋಡಿ, ಸಾಬರನ್ನೂ ಸಭೆಗೆ ಕರೆದೆ. ಅವರು ಎದುರಿಗೇ ಕೂತಿದ್ದರೆ ಯಾರಿಗೆ ತಾನೆ ಬೇಡ ಎನ್ನಲು ಮನಸ್ಸು ಬರುತ್ತದೆ ಎಂಬುದು ನನ್ನ ಲೆಕ್ಕ. ಅವರು ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು, ಮಗಳ ಕೈ ಹಿಡಿದು ಬಂದು, ಎರಡನೇ ಸಾಲಿನಲ್ಲಿ ಕೂತರು. ಎಂದಿನ ಹಾಗೆ ಎಲ್ಲರೂ ಮಾತಾಡಿಸಿದರು. ನಾನು ನಾಲ್ಕನೇ ಕಲಮನ್ನು ಓದಿದೆ.

ಯಾರೂ ಜಗಳ ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು, ನಾನೂ ಜಗಳ ಮಾಡುತ್ತಿದ್ದೆ. ಹಿರಿಯರೊಬ್ಬರು ಎದ್ದು ನಿಂತು ಮೆಲ್ಲಗೆ, 'ಕಲಮು ಹಂಗೈತೆ ಅಂದಮ್ಯಾಲೆ ಹೊರಗಿನವರು ಕೂತಿರುವಾಗ ಸಭೆ ನಡೆಸಬೋದಾ?' ಎಂದರು. ಅಲ್ಲಿಯವರೆಗೆ ಆ ಕಲಮು ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಓದಿ ತಿಳಿಸಿದವಳು ನಾನು. ತಿಪ್ಪೇಸ್ವಾಮಣ್ಣ ನನ್ನ ಮುಖ ನೋಡಿದ, ಸಾಬರ ಮುಖ ನೋಡಿದ. 'ಸಾಬರೇ, ತಪ್ಪು ತಿಳ್ಕಬ್ಯಾಡ್ರಿ, ಒಂದೈದು ನಿಮಿಷ ಹೊರಗೆ ಕೂತ್ಕಳ್ರಿ. ಕಾನೂನು ಪ್ರಕಾರ ಅಷ್ಟೇ.'

ಸಾಬರು ಎದ್ದರು. ಒಂದು ಕುರ್ಚಿ ಕಾಣದೆ ಎಡವಿದರು, ಮಗಳು ಹಿಡಿದುಕೊಂಡಳು. ನಾನು ಮೇಜಿನ ಹಿಂದೆ ಬೈಲಾ ಹಿಡಿದುಕೊಂಡು ನಿಂತೇ ಇದ್ದೆ. ಐದು ನಿಮಿಷ ಎಂದದ್ದು ಎರಡು ಗಂಟೆಯಾಯಿತು. ಕಿಟಕಿ ತೆರೆದಿತ್ತು, ಒಳಗಿನ ಮಾತೆಲ್ಲ ಜಗಲಿಗೆ ಕೇಳಿಸುತ್ತದೆಂದು ನನಗೆ ಗೊತ್ತಿತ್ತು, ಹೋಗಿ ಕಿಟಕಿ ಹಾಕಲು ನನಗೆ ತೋಚಲಿಲ್ಲ. ಸಾಬರು ನಮ್ಮವರೇ, ಅವರ ಮಾತಲ್ಲ ಇದು, ಇವತ್ತು ಒಬ್ಬರಿಗೆ ಬಾಗಿಲು ತೆಗೆದರೆ ನಾಳೆ ಯಾರ್ಯಾರಿಗೆ ಅಂತ ತೆಗೆಯೋದು ಎಂದರು ಒಬ್ಬರು. ನಕ್ಷೆ ಬರೀಲಿ, ಬೇಡ ಅಂದವರು ಯಾರು, ಮೆಂಬರ್ ಯಾಕೆ ಆಗಬೇಕು ಎಂದರು ಇನ್ನೊಬ್ಬರು. ಒಬ್ಬ ಮುದುಕ ತೆಲುಗಿನಲ್ಲೇ, 'ಇಪ್ಪುಡು ಇದಂತಾ ಎಂದುಕಮ್ಮಾ?' ಎಂದು ನನ್ನನ್ನು ಕೇಳಿದ. ಈಗ ಇದೆಲ್ಲ ಯಾಕಮ್ಮ ಎಂದು. ಅವನ ಮನೆಯ ನಕ್ಷೆಗಳನ್ನೂ ಬರೆದವರು ಹೊರಗೆ ಕೂತಿದ್ದರು. ಕೈ ಎತ್ತಿಸಿದಾಗ ಮೂರರಲ್ಲಿ ಎರಡು ಪಾಲು ಸಾಲದೆ ತಿದ್ದುಪಡಿ ಬಿದ್ದುಹೋಯಿತು. ಹೊರಗೆ ಬಂದು ನೋಡಿದರೆ ಜಗಲಿ ಖಾಲಿ.

ಸಂಜೆ ಫೋನು ಮಾಡಿದೆ.

'ಮಗಳ ಊರು ರಾಂಪುರದ ಬಸ್ ಬಂದ್ಬಿಡ್ತು ಬೇಟಿ, ಅದ್ಕೇ ಹೊಂಟ್ಬಿಟ್ಟೆ' ಎಂದರು. ಆಮೇಲೆ, 'ಇಷ್ಟು ವರ್ಷ ನಾನೂ ಮೆಂಬರೇ ಅಂದ್ಕಂಡಿದ್ದೆ' ಎಂದರು.

ಮತ್ತೆ ಅವರೇ, 'ಇರ್ಲಿ ಬಿಡು, ಊಟ ಮಾಡಿದ್ಯಾ?' ಎಂದು ಕೇಳಿ ಫೋನಿಟ್ಟರು. ಆ ತಿಂಗಳೇ ಅವರು ತಗ್ಗು ಬಾಗಿಲಿನ ಮನೆಗೆ ಬೀಗ ಹಾಕಿ ರಾಂಪುರದ ಮಗಳ ಮನೆ ಸೇರಿದರು. ಕಣ್ಣಿನ ಸಲುವಾಗಿ ಎಂದು ಬೀದಿಯವರೆಲ್ಲ ಮಾತಾಡಿಕೊಂಡರು. ನಾನೂ ಹೌದೆಂದೆ.

ಎರಡನೇ ಸಭೆಗೆ ಸಾಕಷ್ಟು ಜನ ಬರಲಿಲ್ಲ. ಮೂರನೆಯದು ಯಾರದೋ ಸಾವಿಗೆ ಮುಂದೆ ಹೋಯಿತು. ನಾಲ್ಕನೆಯದಕ್ಕೆ ನಾನು ಬುದ್ಧಿ ಓಡಿಸಿದೆ. ಸಾಬರ ಹೆಸರೇ ಎತ್ತಲಿಲ್ಲ. ಈ ಲೈಸೆನ್ಸಿನ ಜೊತೆಗೆ ಪತ್ರ ಬರೆಯುವ, ಬಿಲ್ಲು ಹಾಕುವ ಸಾಫ್ಟ್‌ವೇರೂ ಪುಕ್ಕಟೆ ಬರುತ್ತದೆ, ನಿಮ್ಮ ನಿಮ್ಮ ಸೀರೆಯ ಫೋಟೋ ಹಾಕಲು ಇಂಟರ್ನೆಟ್ಟಿನಲ್ಲಿ ಜಾಗವೂ ಸಿಗುತ್ತದೆ, ಕಲಮು ತಿದ್ದದಿದ್ದರೆ ಯಾವುದೂ ಇಲ್ಲ ಎಂದೆ. ಎಲ್ಲರೂ ಕೈ ಎತ್ತಿದರು. ತೆಲುಗಿನ ಮುದುಕ ಎರಡೂ ಕೈ ಎತ್ತಿದ. ಅಷ್ಟು ಹೊತ್ತಿಗೆ ಏಳು ತಿಂಗಳಾಗಿತ್ತು. ದುರ್ಗದ ನೋಂದಣಿ ಕಚೇರಿಗೆ ಹೋಗಿ ತಿದ್ದುಪಡಿ ಮಾಡಿಸಿ ತಂದು, ಮತ್ತೆ ಇಂಗ್ಲಿಷು ಮಾಡಿ ಕಳಿಸಿ, ಲೈಸೆನ್ಸು ನಮ್ಮ ಕೈಗೆ ಬರುವಾಗ ಒಂಬತ್ತು.

ಲೈಸೆನ್ಸು ಬಂದ ವಾರವೇ ಲ್ಯಾಪ್‌ಟಾಪ್ ಎತ್ತಿಕೊಂಡು ರಾಂಪುರಕ್ಕೆ ಹೋದೆ. ಸಾಬರು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಕನ್ನಡಕ ಒಂದೂ ಇರಲಿಲ್ಲ. ಬಾಗಿಲಲ್ಲಿ ನನ್ನ ದನಿ ಕೇಳಿದ್ದೇ, 'ಒಳಗೆ ಬಾ ಬೇಟಿ, ಹೊರಗ್ಯಾಕೆ ನಿಂತಿ' ಎಂದರು. ಮಗಳು ಚಹಾ ತಂದಳು. ಚೌಕವನ್ನು ಎಷ್ಟು ದೊಡ್ಡದು ಮಾಡಿದರೂ ಕಾಣುವುದಿಲ್ಲ ಎಂದು ಅವಳು ಕಣ್ಸನ್ನೆಯಲ್ಲೇ ಹೇಳಿದಳು. ನಾನು ಬಿಡಲಿಲ್ಲ. ನೀವು ಬಾಯಲ್ಲಿ ಹೇಳಿ, ನಾನು ತುಂಬುತ್ತೇನೆ ಎಂದೆ. ಅವರು ಒಪ್ಪಿದರು. ಸೀತಾಫಲವನ್ನೇ ಶುರು ಮಾಡಿದರು. 'ಎಂಟು ಬಿಡು. ಮೂರು ತುಂಬು. ಕೆಳಗಿನ ಸಾಲು, ಏಳು ಬಿಡು, ಐದು ತುಂಬು.' ನಾಲ್ಕು ಸಾಲು ಸರಿಯಾಗಿ ಬಂತು. ಐದನೆಯದಕ್ಕೆ ನಿಂತರು. ಮತ್ತೆ ಮೊದಲಿಂದ ಹೇಳಿದರು, ಮತ್ತೆ ಐದಕ್ಕೆ ನಿಂತರು. ಬಲಗೈ ಬೆರಳು ಮಾತ್ರ ಚಾಪೆಯ ಮೇಲೆ ಓಡುತ್ತಲೇ ಇತ್ತು, ಆರನೇ ಸಾಲು, ಏಳನೇ ಸಾಲು, ಎಲ್ಲಿಗೆ ಹೋಯಿತೋ. ನನಗೆ ಅದನ್ನು ಹಿಂಬಾಲಿಸಲಾಗಲಿಲ್ಲ.

'ಬಾಯಿಗೆ ಗೊತ್ತಿಲ್ಲ ಬೇಟಿ' ಎಂದರು ಕಡೆಗೆ. 'ಕೈಗಷ್ಟೇ ಗೊತ್ತೈತೆ. ಕಣ್ಣು ಮುಂದೆ ಹೋದ್ರೆ ಕೈ ಹಿಂದೆ ಹೋಗ್ತಿತ್ತು.'

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಆಗ ಅತ್ತುಬಿಡಬೇಕಿತ್ತು. ಅಳುವುದು ಬಿಟ್ಟು, ಬ್ಯಾಗಿನಿಂದ ಸದಸ್ಯತ್ವದ ಫಾರಂ ತೆಗೆದೆ. ಎಲ್ಲ ನಾನೇ ತುಂಬಿಕೊಂಡು ಹೋಗಿದ್ದೆ, ಅವರ ಸಹಿಯೊಂದು ಬಾಕಿ. ಏನೆಂದು ಕೇಳಿದರು. ಈಗ ಕಲಮು ತಿದ್ದಿದ್ದೇವೆ, ನೀವು ಮೆಂಬರ್ ಆಗಬಹುದು ಎಂದೆ. ಹೇಳುವಾಗ ನನ್ನ ದನಿಯಲ್ಲಿ ಒಂದು ಉತ್ಸಾಹವಿತ್ತು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವರು ಫಾರಮನ್ನು ಕೈಯಲ್ಲಿ ಹಿಡಿದು, ಅದರ ಅಂಚನ್ನು ಸವರಿ, ಮಡಚಿ, ನನ್ನ ಕೈಗೇ ಇಟ್ಟರು.

'ಲೈಸೆನ್ಸ್ ಬರ್ಬೇಕು ಅಂತ ಕಲಮು ತಿದ್ದಿದ್ರಿ. ಲೈಸೆನ್ಸ್ ಬಂತಲ್ಲ ಬೇಟಿ, ಸಾಕು. ಇದ್ಯಾಕೆ?'

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಫಾರಮನ್ನು ಬ್ಯಾಗಿಗೆ ಹಾಕಿಕೊಂಡೆ. ಚಹಾ ಕುಡಿದು ಮುಗಿಸಿ ಬಂದೆ.

ಇದಾಗಿ ಹನ್ನೊಂದು ತಿಂಗಳಾಯಿತು. ಸಾಫ್ಟ್‌ವೇರ್ ಸುಮ್ಮನೆ ಕೂತಿಲ್ಲ. ಹೆಣ್ಣುಮಕ್ಕಳು ಬಂದು ಕಲಿಯುತ್ತಾರೆ, ಫೋನಿನಲ್ಲಿ ಸಿಕ್ಕ ನವಿಲು ಕಮಲಗಳನ್ನು ಇಳಿಸಿಕೊಂಡು ಚೌಕ ತುಂಬುತ್ತಾರೆ. ಚೆನ್ನಾಗಿಯೂ ಇರುತ್ತವೆ. ನಮ್ಮ ಬೀದಿಯ ಒಂದು ನಕ್ಷೆಯೂ ಅದರಲ್ಲಿಲ್ಲ. ಸಂಘದ ಬಾಗಿಲು ಈಗ ಎಲ್ಲರಿಗೂ ತೆರೆದಿದೆ, ಹೊರಗಿನವರು ಒಬ್ಬರೂ ಬಂದಿಲ್ಲ. ಇವತ್ತು ನವೀಕರಣದ ಅರ್ಜಿ ತುಂಬಿ ಕಳಿಸಿದೆ. ಆ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ಹೊಡೆಯಲು ನನಗೇನು ಹಕ್ಕು? ಇದರಿಂದ ನಿಮಗೇನು ಉಪಯೋಗವಾಯಿತು ಎಂಬ ಜಾಗದಲ್ಲಿ ಹೋದ ಸಲದ ಹಾಗೆ ದೊಡ್ಡ ಮಾತು ಬರೆಯಲಿಲ್ಲ. ಯಾರಿಗೆಂದು ಕೇಳಿಕೊಂಡಿದ್ದೆವೋ ಅವರಿಗೆ ಆಗಲಿಲ್ಲ, ತಡ ಮಾಡಿದವರು ನಾವು, ಬೇರೆಯವರಿಗೆ ಆಗುತ್ತಿದೆ ಎಂದು ಬರೆದೆ.

ಭಾನುವಾರ ರಾಂಪುರಕ್ಕೆ ಹೋಗುತ್ತೇನೆ. ಲ್ಯಾಪ್‌ಟಾಪ್ ಒಯ್ಯುವುದಿಲ್ಲ, ಫಾರಮೂ ಒಯ್ಯುವುದಿಲ್ಲ. ಆ ಕಲಮನ್ನು ಟೈಪ್ ಮಾಡಿದ ಬೆರಳುಗಳು ನನ್ನವು ಎಂದು ನಿಮಗೆ ಹೇಳಿದೆನಲ್ಲ, ಅವರಿಗೆ ಇನ್ನೂ ಹೇಳಿಲ್ಲ. ಇಷ್ಟು ದಿನ ಹೇಳದೆ ಉಳಿದದ್ದು ಅವರು ಬೈಯುತ್ತಾರೆಂದಲ್ಲ. ಅವರು ಬೈಯುವುದಿಲ್ಲ, ಇರ್ಲಿ ಬಿಡು ಎಂದುಬಿಡುತ್ತಾರೆ, ಆ ಮಾತು ಕೇಳಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಈ ಸಲ ಬಾಗಿಲಲ್ಲೇ ನಿಂತು ಹೇಳಿಬಿಡಬೇಕೆಂದಿದ್ದೇನೆ. ಆದರೆ ನನಗೆ ಗೊತ್ತು, ಬಾಯಿ ತೆಗೆಯುವ ಮೊದಲೇ ಅವರು ಹೆಜ್ಜೆಯ ಸದ್ದಿಗೇ ಗುರುತು ಹಿಡಿದು ನನ್ನನ್ನು ಒಳಗೆ ಕರೆಯುತ್ತಾರೆ.